ಎರಡೂ ಕಡೆ ಒಂದೊಂದು ಹನಿ

ಬೆಟ್ಟದ ಬುಡದ ವಸತಿಗೃಹ,
ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಗುಬ್ಬಿ,

ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ನಿಮ್ಮಮ್ಮ ಚೆನ್ನಾಗಿದ್ದಾಳೆ. ಎದುರಿನ ಮಂಚದ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಾಳೆ. ಅವಳ ಗೊರಕೆಯನ್ನು ಇಷ್ಟು ವರ್ಷ ಆಡಿಕೊಂಡು ನಕ್ಕವನು ನಾನು. ಇವತ್ತು ಅದು ಒಂದು ಗಳಿಗೆ ನಿಂತರೂ ಪೆನ್ನು ಕೆಳಗಿಟ್ಟು ಅವಳ ಮುಖ ನೋಡುತ್ತೇನೆ. ಮತ್ತೆ ಶುರುವಾದ ಮೇಲೆ ಬರೆಯುತ್ತೇನೆ. ಹಾಗಾಗಿ ಈ ಕಾಗದ ಅಲ್ಲಲ್ಲಿ ತಡವರಿಸಿದರೆ ಬೇಸರಪಟ್ಟುಕೊಳ್ಳಬೇಡ.

ನಿನ್ನೆ ನೀನು ಫೋನಿನಲ್ಲಿ ರೇಗಿದ್ದು ನ್ಯಾಯವಾಗಿಯೇ ಇತ್ತು. ಸವಾರರ ಗುಂಪಿನವರು ಹಾಕಿದ ಫೋಟೋದಲ್ಲಿ ಅಮ್ಮನ ಮೊಣಕೈಗೂ ತೊಡೆಗೂ ಪಟ್ಟಿ ಕಟ್ಟಿರುವುದನ್ನು ನೋಡಿ ನೀನು ಕೇಳಿದೆ. ಅವಳು, “ಏನಿಲ್ಲ ಕಣೇ, ಮಂಜಿತ್ತು, ಜಾರಿದೆ” ಅಂದಳು. ಫೋನು ನನ್ನ ಕೈಗೆ ಬಂದಾಗ ನಾನು ಹೂಂ, ಹೂಂ ಅಂದೆ. “ಅಪ್ಪಾ, ನಿನ್ನ ಹೂಂ ನನಗೆ ಬೇಡ. ಏನಾಯ್ತು ಅಂತ ನೆಟ್ಟಗೆ ಬರೆದು ಕಳಿಸು” ಎಂದು ನೀನು ಫೋನು ಇಟ್ಟುಬಿಟ್ಟೆ. ಫೋನಿನ ಮೇಲೆ ಒತ್ತಿ ಒತ್ತಿ ಬರೆಯುವ ವಿದ್ಯೆ ನನ್ನ ದಪ್ಪ ಬೆರಳುಗಳಿಗೆ ಒಲಿದಿಲ್ಲ. ಬಾಯಲ್ಲಿ ಹೇಳೋಣವೆಂದರೆ ಅವಳು ಮಗ್ಗುಲಲ್ಲೇ ಇರುತ್ತಾಳೆ. ಎರಡು ಮಂಚ, ಒಂದು ಮೇಜು, ನಡುವೆ ಅವಳ ಸೈಕಲ್, ಅಲ್ಲಿಗೆ ಈ ಕೋಣೆ ಮುಗಿಯಿತು. ಸೈಕಲ್ಲನ್ನು ಹೊರಗೆ ನಿಲ್ಲಿಸಲು ಅವಳಿಗೆ ಧೈರ್ಯವಿಲ್ಲ. ನಾನು ಬಚ್ಚಲಿಗೆ ಹೋಗಬೇಕಾದರೆ ಅದರ ಅಪ್ಪಣೆ ಪಡೆದು, ಹೊಟ್ಟೆ ಒಳಗೆಳೆದುಕೊಂಡು ದಾಟಬೇಕು.

ಇದು ಮೂರು ಬೆಟ್ಟಗಳ ಸವಾರಿ. ಎರಡು ಆಗಿವೆ, ಇವತ್ತು ವಿಶ್ರಾಂತಿ, ನಾಳೆ ಮೂರನೆಯದು. ಇದರಲ್ಲಿ ಸ್ಪರ್ಧೆಯೇನಿಲ್ಲ, ಗೊತ್ತು ಮಾಡಿದ ಹೊತ್ತಿನೊಳಗೆ ಮುಟ್ಟಿದವರೆಲ್ಲ ಗೆದ್ದಂತೆಯೇ ಎನ್ನುತ್ತಾಳೆ ನಿಮ್ಮಮ್ಮ. ಹಾಗೆನ್ನುತ್ತಲೇ ಪಕ್ಕದವಳ ಕಾಲಿನ ಮಾಂಸಖಂಡವನ್ನು ಓರೆಗಣ್ಣಲ್ಲಿ ಅಳೆಯುತ್ತಿರುತ್ತಾಳೆ. ಪ್ರತಿಯೊಬ್ಬ ಸವಾರರಿಗೂ ಒಬ್ಬ ಸಹಾಯಕ. ಸಹಾಯಕ ಕಾರಿನಲ್ಲಿ ಮೊದಲೇ ಹೋಗಿ ಬೆಟ್ಟದ ನೆತ್ತಿಯಲ್ಲಿ ಕಾದಿರಬೇಕು. ನೀರು ತುಂಬಿಸಬೇಕು, ಬಾಳೆಹಣ್ಣು ಸುಲಿದು ಬಾಯಿಗಿಡಬೇಕು, ಒದ್ದೆ ಕೈಗವಸು ಕಳಚಿ ಒಣಗಿದ್ದು ತೊಡಿಸಬೇಕು. ಸವಾರರು ಇಳಿಜಾರು ಹಿಡಿದ ಮೇಲೆ ಕಾರು ಸುರಂಗದ ರಸ್ತೆಯಲ್ಲಿ ಸುತ್ತಿಕೊಂಡು ಹೋಗಿ ಆಚೆ ಬುಡದ ಸೇತುವೆಯಲ್ಲಿ ಮತ್ತೆ ಕಾಯಬೇಕು. ಇಳಿಜಾರಿನಲ್ಲಿ ಸೈಕಲ್ಲಿನ ಹಿಂದೆ ಕಾರು ಹೋಗಕೂಡದು. ಹೋದರೆ ಆ ಸವಾರರು ಔಟ್. ಕಾನೂನೆಂದರೆ ಕಾನೂನು.

ಕಾರು ನಮ್ಮದೇ, ಅಂದರೆ ಅಮ್ಮನ ಡ್ರೈವಿಂಗ್ ಸ್ಕೂಲಿನದು. ತಲೆಯ ಮೇಲೆ ಹಳದಿ ಬೋರ್ಡು, ಬೆನ್ನಿಗೆ ಕೆಂಪು ‘ಎಲ್’, ಪಕ್ಕದ ಸೀಟಿನ ಕೆಳಗೆ ಅವಳು ಕೂತು ತುಳಿಯುವ ಎರಡನೇ ಬ್ರೇಕ್. ಉಳಿದ ಸಹಾಯಕರು ಆ ‘ಎಲ್’ ನೋಡಿ ದೂರ ನಿಲ್ಲಿಸುತ್ತಾರೆ, ನನ್ನ ಚಾಲನೆ ನೋಡಿದ ಮೇಲೆ ಇನ್ನೂ ದೂರ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ನಿಮ್ಮಮ್ಮ ಸೋತದ್ದು ನನ್ನೊಬ್ಬನಿಗೆ. ತಪ್ಪು ಮಾಡಿದಾಗ ಅವಳು ಬ್ರೇಕ್ ತುಳಿಯುತ್ತಾಳೆ ಎಂಬ ಧೈರ್ಯದಲ್ಲಿ ಕಲಿತವನು ನಾನು. ಅವಳಿಲ್ಲದ ಕಾರಿನಲ್ಲಿ ಕೈಕಾಲು ಆಡುವುದಿಲ್ಲ.

ಸರಿ, ನಿನ್ನೆಯ ಸಂಗತಿ. ಮೊದಲು ಅಮ್ಮ ಇಲ್ಲಿ ಎಲ್ಲರಿಗೂ ಹೇಳಿರುವುದನ್ನೇ ಬರೆಯುತ್ತೇನೆ. ಇಳಿಜಾರಿನಲ್ಲಿ ಯಾವುದೋ ಲಾರಿ ಎಣ್ಣೆ ಚೆಲ್ಲಿಕೊಂಡು ಹೋಗಿತ್ತು, ಅದು ಬ್ರೇಕಿಗೆ ತಾಗಿತು, ಬ್ರೇಕ್ ಹಿಡಿಯಲಿಲ್ಲ, ಬೆಟ್ಟದ ಗೋಡೆಗೆ ಒರೆಸಿಕೊಂಡು ನಿಂತಳು, ತರಚಿತು. ಇಷ್ಟೇ.

ಇಲ್ಲಿಗೆ ಸಹಿ ಮಾಡಿ ಮಡಚಿಬಿಡೋಣ ಅನ್ನಿಸಿತು. ಎದ್ದು ಕಿಟಕಿಯ ಹತ್ತಿರ ಹೋಗಿ ಬಂದೆ. ಇಲ್ಲ ಗುಬ್ಬಿ, ಲಾರಿಯೂ ಇಲ್ಲ ಗೀರಿಯೂ ಇಲ್ಲ. ಎಣ್ಣೆ ಹಾಕಿದವನು ನಾನು.

ಹೊಲಿಗೆ ಯಂತ್ರ ರಿಪೇರಿ ಮಾಡುವವನ ಜೇಬಿನಲ್ಲಿ ಎಣ್ಣೆ ಶೀಶೆ ಇಲ್ಲದಿದ್ದರೆ ಅಂಗಿ ಹಾಕಿಕೊಂಡಂತೆಯೇ ಅಲ್ಲ. ಕಿರ್ರೆಂದ ಕಡೆ ಒಂದು ಹನಿ. ನಮ್ಮ ಬಾಗಿಲು, ನಿನ್ನ ತೊಟ್ಟಿಲು, ಪಕ್ಕದ ಮನೆಯ ಗೇಟು, ಯಾವುದನ್ನೂ ಬಿಟ್ಟವನಲ್ಲ. ಕಿವಿಗೆ ಸದ್ದು ಬಿದ್ದರೆ ಕೈ ನನ್ನನ್ನು ಕೇಳದೆಯೇ ಜೇಬಿಗೆ ಹೋಗುತ್ತದೆ. ಇನ್ನೊಂದು ಪಾಠ, ಕಸುಬು ಕಲಿಸಿದ ನಮ್ಮ ಯಜಮಾನರು ಹೇಳಿಕೊಟ್ಟದ್ದು: ಒಂದು ಕಡೆ ಹಾಕಿದರೆ ಇನ್ನೊಂದು ಕಡೆಗೂ ಹಾಕಬೇಕು, ಎರಡು ಪಕ್ಕವೂ ಒಂದೇ ಹದದಲ್ಲಿ ಓಡಬೇಕು. ಇಷ್ಟು ವರ್ಷ ಈ ಎರಡು ಅಭ್ಯಾಸಗಳು ನಮಗೆ ಅನ್ನ ಹಾಕಿವೆ.

ನಿನ್ನೆ ನೆತ್ತಿಯಲ್ಲಿ ದಟ್ಟ ಮಂಜು. ಮಂಜಿನೊಳಗಿಂದ ಮೊದಲು ಬಂದದ್ದು ಸದ್ದು, ಆಮೇಲೆ ನಿಮ್ಮಮ್ಮ. ತುಟಿ ನೀಲಿಗಟ್ಟಿತ್ತು, ಕಣ್ಣು ಮಾತ್ರ ಹೊಳೆಯುತ್ತಿದ್ದವು. “ರೀ, ಹಿಂದಿನ ಚಕ್ರ ಕಿರ್ ಕಿರ್ ಅಂತ ತಲೆ ತಿಂತಿದೆ, ಏನಾದ್ರೂ ಮಾಡಿ” ಎಂದು ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಟೀ ಕುಡಿಯಲು ಡೇರೆಯೊಳಗೆ ಹೋದಳು. ಅವಳ ಹಳೆಯ ಸೈಕಲ್ಲಿನಲ್ಲಿ ಬ್ರೇಕು ಚಕ್ರದ ಅಂಚನ್ನು ಹಿಡಿಯುತ್ತಿತ್ತು. ಈ ಹೊಸದರಲ್ಲಿ ಚಕ್ರದ ನಡುವೆ ಒಂದು ತೆಳು ಉಕ್ಕಿನ ತಟ್ಟೆ ಇದೆ, ಬ್ರೇಕು ಅದನ್ನು ಎರಡು ಕಡೆಯಿಂದ ಕಚ್ಚುತ್ತದೆ. ಕೊಂಡ ದಿನವೇ ಅಂಗಡಿಯವನು, “ಚೈನ್ ಬಿಟ್ಟು ಬೇರೆಲ್ಲೂ ಎಣ್ಣೆ ಬೇಡ ಸಾರ್” ಅಂದಿದ್ದ. ತಲೆಯಾಡಿಸಿದ್ದೆ. ನಿನ್ನೆ ಆ ಮಾತು ನೆನಪಿಗೆ ಬರಲೇ ಇಲ್ಲ. ಚಕ್ರ ತಿರುಗಿಸಿ ಕಿವಿ ಕೊಟ್ಟೆ. ಸದ್ದು ಅಚ್ಚಿನಿಂದ ಬರುತ್ತಿದೆ ಅನ್ನಿಸಿತು. ಅಚ್ಚಿನ ಪಕ್ಕಕ್ಕೆ ಒಂದು ಹನಿ. ಎರಡು ಸುತ್ತು ತಿರುಗಿಸುವುದರೊಳಗೆ ಸದ್ದು ಮಾಯ. ಎಷ್ಟು ಖುಷಿಯಾಯಿತು ಗೊತ್ತೇ! ಅವಳ ಈ ದೊಡ್ಡ ಸಾಹಸದಲ್ಲಿ ಬಾಳೆಹಣ್ಣು ಸುಲಿಯುವುದಕ್ಕಿಂತ ಹೆಚ್ಚಿನ ಒಂದು ಕೆಲಸ ನನ್ನಿಂದಾಯಿತಲ್ಲ. ಆಮೇಲೆ ಮುಂದಿನ ಚಕ್ರಕ್ಕೂ ಒಂದು ಹನಿ ಬಿಟ್ಟೆ. ಅದು ಕಿರ್ರೆಂದೇ ಇರಲಿಲ್ಲ.

ಅವಳು ಬಂದು ಚಕ್ರ ತಿರುಗಿಸಿ ನೋಡಿದಳು. ಬ್ರೇಕ್ ಒತ್ತಿ ನೋಡಿದಳು, ಹಿಡಿಯಿತು. ನನ್ನ ಕೆನ್ನೆ ತಟ್ಟಿ, “ನಿಮ್ಮ ಕೈಯಲ್ಲಿ ಏನೋ ಇದೆ ಕಣ್ರೀ” ಎಂದು ಹತ್ತಿ ಹೊರಟಳು. ಅವಳ ಹಿಂದಿನ ಕೆಂಪು ದೀಪವನ್ನು ಮಂಜು ನುಂಗಿಕೊಳ್ಳುವವರೆಗೂ ಅಲ್ಲೇ ನಿಂತಿದ್ದೆ.

ಕಾರಿನ ಡಿಕ್ಕಿ ಮುಚ್ಚುತ್ತಿದ್ದಾಗ ಪಕ್ಕದ ಕಾರಿನವನು ಯಾರಿಗೋ ಗದರುವುದು ಕೇಳಿಸಿತು. ಅವನು ತಮ್ಮನ ಸೈಕಲ್ಲಿನ ಬ್ರೇಕ್ ತಟ್ಟೆಯನ್ನು ಒರೆಸುತ್ತಿದ್ದ, ನೋಡುತ್ತ ನಿಂತವರೊಬ್ಬರು ಕುತೂಹಲಕ್ಕೆ ಅದನ್ನು ಮುಟ್ಟಲು ಹೋಗಿದ್ದರು. “ಮುಟ್ಬೇಡಿ ಸ್ವಾಮಿ! ಬೆರಳಿನ ಜಿಡ್ಡು ತಾಗಿದ್ರೂ ಸಾಕು, ಬ್ರೇಕ್ ಹಿಡಿಯಲ್ಲ.”

ಬೆರಳಿನ ಜಿಡ್ಡು ಸಾಕಂತೆ.

ಗುಬ್ಬಿ, ಭಯಕ್ಕೆ ರುಚಿ ಇದೆ, ತಾಮ್ರದ ಕಾಸು ನಾಲಗೆ ಮೇಲಿಟ್ಟುಕೊಂಡ ಹಾಗೆ. ನನ್ನ ಎಣ್ಣೆಯ ಗುಣ ನನಗೆ ಗೊತ್ತು. ನೀರಿಗಿಂತ ತೆಳ್ಳಗಿದೆ, ಸೂಜಿ ಹೋಗದ ಸಂದಿಗೂ ಹೋಗುತ್ತದೆ, ತಿರುಗುವ ವಸ್ತುವಿನ ಮೇಲೆ ಹನಿಸಿದರೆ ನಡುವಿನಿಂದ ಅಂಚಿಗೆ ಹರಡುತ್ತದೆ. ಗಿರಾಕಿಗಳ ಮುಂದೆ ಇದನ್ನೇ ಹೇಳಿ ಜಂಬ ಕೊಚ್ಚಿಕೊಂಡವನು ನಾನು. ಈಗ ಅವಳು ಆ ಚಕ್ರಗಳನ್ನು ಇಳಿಜಾರಿನಲ್ಲಿ ತಿರುಗಿಸುತ್ತಿದ್ದಳು.

ಕೆಳಗಿನ ರಸ್ತೆಗೆ ಅಡ್ಡಗಂಬ ಹಾಕಿತ್ತು. ಅಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡ ಒಬ್ಬ ಮೇಡಂ ಇದ್ದರು. ಕಾರು ತಂದು ನಿಲ್ಲಿಸಿದ ಕೂಡಲೇ, “ಸುರಂಗ ಆ ಕಡೆ, ಈ ಕಡೆ ಬಿಡಲ್ಲ” ಅಂದರು. ಫೋನಿಗೆ ಅಲ್ಲಿ ಜೀವವಿರಲಿಲ್ಲ. ಅವರ ವೈರ್‌ಲೆಸ್‌ನಲ್ಲಿ ಬರೀ ಗರಗರ. ನಾನು ಏನು ಹೇಳಬೇಕೆಂದು ಯೋಚಿಸಿಯೇ ಇರಲಿಲ್ಲ, ಬಾಯಿಗೆ ಬಂದದ್ದು ಇಷ್ಟು: “ನನ್ನ ಹೆಂಡತಿ ಬ್ರೇಕಿಗೆ ನಾನು ಎಣ್ಣೆ ಹಾಕಿದೀನಿ.” ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಬೇಕೆಂದೇ ಹಾಕಿದನೋ ಎಂದು ನೋಡಿದರೋ ಏನೋ. ಆಮೇಲೆ ಕಂಬ ಎತ್ತಿ, “ನಾನು ಕಳಿಸಿದ್ದು ಅಂತ ಬರ್ಕೋತೀನಿ, ನೀವು ನಿಧಾನಕ್ಕೆ ಹೋಗಿ, ಕೆಳಗೆ ಬೇರೆಯವರೂ ಇದಾರೆ” ಅಂದರು.

ನಿಧಾನಕ್ಕೆ! ಅಂಥ ರಸ್ತೆಯಲ್ಲಿ ನಾನು ಹುಟ್ಟಿದಾಗಿನಿಂದ ಕಾರು ಓಡಿಸಿರಲಿಲ್ಲ. ಒಂದು ಪಕ್ಕ ಬೆಟ್ಟದ ಮಣ್ಣು ಗೋಡೆ, ಇನ್ನೊಂದು ಪಕ್ಕ ಬಿಳಿ. ಆ ಬಿಳಿಯ ಕೆಳಗೆ ಏನಿದೆಯೆಂದು ಕಾಣುತ್ತಿರಲಿಲ್ಲ, ಏನೂ ಇಲ್ಲವೆಂದು ಗೊತ್ತಿತ್ತು. ಕಿವಿಯೊಳಗೆ ಅವಳದೇ ದನಿ: ಮೊದಲನೇ ಗೇರು, ಕ್ಲಚ್ ಬಿಡಿ, ಎದುರಿಗೆ ನೋಡಿ, ಕಣಿವೆ ಕಡೆ ನೋಡಬೇಡಿ. ಪಕ್ಕದ ಸೀಟು ಖಾಲಿ, ಅದರ ಕೆಳಗಿನ ಬ್ರೇಕು ತುಳಿಯುವವರಿಲ್ಲದೆ ಬಿದ್ದಿತ್ತು. ಪ್ರತಿ ತಿರುವಿನಲ್ಲೂ ಅವಳು ಬಿದ್ದಿರುವುದನ್ನು ಕಂಡೆ. ಹತ್ತಿರ ಹೋದರೆ ಅದು ಬಂಡೆ, ಇಲ್ಲವೇ ಪೊದೆ. ಒಂದು ಕಡೆ ಒಂದು ಟಾರ್ಪಾಲಿನ ಚೂರು.

ಆಮೇಲೆ ಒಂದು ತಿರುವಿನಲ್ಲಿ ರಸ್ತೆಯ ನಡುವೆ ಅವಳ ನೀಲಿ ನೀರಿನ ಬಾಟಲಿ ಸಿಕ್ಕಿತು. ನಾನೇ ತುಂಬಿಸಿಕೊಟ್ಟದ್ದು, ಮುಚ್ಚಳ ಕೂಡ ತೆಗೆದಿರಲಿಲ್ಲ. ಇಳಿದು ಕಣಿವೆಯ ಅಂಚಿಗೆ ಹೋದೆ. ಮೊಣಕಾಲೂರಿ ಕೆಳಗೆ ಇಣುಕಿದೆ. ಹೆಸರು ಹಿಡಿದು ಕೂಗಿದೆ. ಮದುವೆಯಾದಾಗಿನಿಂದ ‘ಇವಳೇ’ ಎಂದೇ ಕರೆದವನು, ನನ್ನ ಬಾಯಲ್ಲಿ ಅವಳ ಹೆಸರು ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು. ಉತ್ತರ ಬರಲಿಲ್ಲ. ನಿನಗೆ ಹೇಗೆ ಹೇಳುವುದು, ಇದನ್ನು ನಿನಗೆ ಹೇಗೆ ತಿಳಿಸುವುದು, ಅಷ್ಟೇ ತಲೆಯಲ್ಲಿ ಓಡುತ್ತಿತ್ತು. ನಿನ್ನ ಹಾಸ್ಟೆಲಿನ ಗೇಟಿನಲ್ಲಿ ನಾನು ನಿಂತಿರುವುದು ಕೂಡ ಕಣ್ಣಿಗೆ ಬಂತು.

ಇನ್ನೂ ಕೆಳಗೆ, ಬೆಟ್ಟದ ಮಗ್ಗುಲಿಗೆ ಅಂಟಿಕೊಂಡು, ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದಳು. ಒಂದು ತೋಳು ಭುಜದವರೆಗೂ ಹರಿದಿತ್ತು, ಹೆಲ್ಮೆಟ್ಟಿನಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು. ಕಾರು ನೋಡಿದವಳೇ, “ಯಾಕ್ ಬಂದ್ರಿ? ನನ್ನನ್ನ ಔಟ್ ಮಾಡ್ಸೋಕಾ?” ಎಂದು ಕಿರುಚಿದಳು. ಆ ಕಿರುಚಾಟ ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ. ಸೀಟಿ ಮೇಡಂ ಕಳಿಸಿದ್ದು ಅಂದ ಮೇಲೆ ತಣ್ಣಗಾದಳು. ಇಷ್ಟೆಲ್ಲ ಆಗಿ ಕೇಳಿದ್ದೇನು ಗೊತ್ತೇ, “ಮೊದಲ್ನೇ ಗೇರಲ್ಲಿ ತಾನೆ ಬಂದಿದ್ದು?” ಹೂಂ ಅಂದೆ. “ಸರಿ” ಅಂದಳು.

ಮೂರನೇ ತಿರುವಿನಲ್ಲಿ ಎರಡೂ ಬ್ರೇಕಿನ ಹಿಡಿಗಳನ್ನು ಪೂರ್ತಿ ಒತ್ತಿದರೂ ವೇಗ ಇಳಿಯಲಿಲ್ಲವಂತೆ. ಬ್ರೇಕ್ ಹೋದರೆ ಬೆಟ್ಟದ ಕಡೆಗೆ ಉಜ್ಜಿಕೊಂಡು ನಿಲ್ಲಿಸಿ ಎಂದು ಅವಳು ವರ್ಷಗಳಿಂದ ಶಿಷ್ಯರಿಗೆ ಹೇಳಿಕೊಟ್ಟದ್ದನ್ನೇ ತಾನೂ ಮಾಡಿದಳು. ಮೊಣಕೈ, ತೊಡೆ, ಭುಜ ಎಲ್ಲವನ್ನೂ ಮಣ್ಣಿನ ಗೋಡೆಗೆ ಕೊಟ್ಟು, ಜಲ್ಲಿ ತುಂಬಿದ ಚರಂಡಿಗೆ ಚಕ್ರ ಇಳಿಸಿದಳು. ಇದನ್ನೆಲ್ಲ ಪಾಠ ಒಪ್ಪಿಸುವ ಹಾಗೆ ಹೇಳಿ ಮುಗಿಸಿ, ಇದ್ದಕ್ಕಿದ್ದ ಹಾಗೆ ನನ್ನ ಎದೆಗೆ ತಲೆಯಿಟ್ಟು ನಿಂತಳು. ನಾನು ಬೆನ್ನು ಸವರಿದೆ. ಆಗ ಹೇಳಬೇಕಿತ್ತು. ನನ್ನ ಎದೆಗೊರಗಿ ಸಮಾಧಾನ ಹುಡುಕುತ್ತಿರುವವಳಿಗೆ ಏನೆಂದು ಹೇಳಲಿ?

ಕಾರು ಹತ್ತು ಅಂದರೆ ಹತ್ತಲಿಲ್ಲ. “ನಡೆದ್ರೂ ಹೊತ್ತಿಗೆ ಮುಟ್ತೀನಿ, ನೀವು ಸೇತುವೆ ಹತ್ರ ಕಾಯಿರಿ” ಎಂದು ನನ್ನನ್ನು ಅಟ್ಟಿದಳು. ಮುಟ್ಟಿದಳು ಕೂಡ, ಗೊತ್ತು ಮಾಡಿದ ಹೊತ್ತು ಇನ್ನೇನು ಮುಗಿಯುತ್ತದೆ ಅನ್ನುವಾಗ. ಸೇತುವೆಯ ಹತ್ತಿರದ ರಿಪೇರಿಯವನು ಬ್ರೇಕ್ ಬಿಚ್ಚಿ, ಬೆರಳಿನಿಂದ ಒರೆಸಿ, ಮೂಸಿ ನೋಡಿ, “ಇದಕ್ಕೆ ಎಣ್ಣೆ ಯಾರ್ ಹಾಕಿದ್ದು?” ಅಂದ. ಅವಳು ತಿರುಗಿಯೂ ನೋಡದೆ, “ರಸ್ತೇಲಿ ಲಾರಿ ಚೆಲ್ಲಿತ್ತು” ಅಂದಳು. “ಟೈರಿಗೆ ತಾಗ್ದೆ ಬರೀ ಬ್ರೇಕಿಗೆ ತಾಗುತ್ತಾ ಮೇಡಂ?” ಎಂದು ಅವನು ಕೇಳಿದ್ದಕ್ಕೆ, ಡ್ರೈವಿಂಗ್ ಸ್ಕೂಲಿನ ದನಿಯಲ್ಲಿ, “ತಾಗುತ್ತೆ” ಅಂದಳು. ಆ ದನಿಗೆ ಎದುರು ಮಾತಾಡಿದವರನ್ನು ನಾನು ಕಂಡಿಲ್ಲ. ಅವನು ತಟ್ಟೆ ತೊಳೆದು, ಬ್ರೇಕಿನ ಬಿಲ್ಲೆಗಳನ್ನೆಲ್ಲ ಬದಲಾಯಿಸಿ ಕೊಟ್ಟ. ಪಾಪ, ಅವಳಿಗೆ ಲಾರಿಯೆಂದೇ ನಂಬಿಕೆ. ಆ ಹಾಳು ಶೀಶೆಯನ್ನು ಹೊಳೆಗೆ ಎಸೆಯೋಣವೆಂದು ಜೇಬಿಗೆ ಕೈ ಹಾಕಿದರೆ ಅದು ಇರಲಿಲ್ಲ. ಕಣಿವೆಯ ಅಂಚಿನಲ್ಲಿ ಬಗ್ಗಿದಾಗ ಬಿದ್ದುಹೋಗಿರಬೇಕು. ಹೋಗಲಿ, ಶನಿ ತೊಲಗಿತು.

ಈಗ ನನ್ನ ಕಷ್ಟ ಕೇಳು. ಊಟವಾಗಿ ಮಲಗುವ ಮುಂಚೆ ಅವಳು, “ಸಂಜೆ ಸೈಕಲ್ಲನ್ನ ನೀವೇ ಒಂದ್ಸಲ ಪೂರ್ತಿ ನೋಡಿಬಿಡಿ, ಬೇರೆಯವರ ಕೈ ನನಗೆ ಒಗ್ಗಲ್ಲ” ಅಂದಳು. ಆಗಿನಿಂದ ಆ ಸೈಕಲ್ಲಿನ ಪಕ್ಕ ಕೂತಿದ್ದೇನೆ, ಬೆರಳು ಮುಂದೆ ಹೋಗುತ್ತಿಲ್ಲ. ನಾಳೆಯ ಬೆಟ್ಟ ಮೂರರಲ್ಲೂ ಹೆಚ್ಚು ಕಡಿದಾದದ್ದು. ಇಳಿಯುವಾಗ ಎರಡು ಕಡೆಯೂ ಕಣಿವೆಯಂತೆ, ಉಜ್ಜಿಕೊಳ್ಳಲು ಗೋಡೆಯಿಲ್ಲವಂತೆ. ಅವಳಿಗೆ ನಿಜ ಹೇಳಿದರೆ ಅಳುಕಿನಲ್ಲೇ ಇಳಿಯುತ್ತಾಳೆ, ಅಳುಕಿದವರೇ ಬೀಳುವುದು ಎಂದು ಅವಳೇ ಹೇಳುತ್ತಾಳೆ. ಹೇಳದಿದ್ದರೆ, ಅವಳನ್ನು ನಿನ್ನೆ ಬೆಟ್ಟದಿಂದ ತಳ್ಳಿದ ಕೈಯನ್ನೇ ನಂಬಿ ನಾಳೆ ಮತ್ತೆ ಹೊರಡುತ್ತಾಳೆ. ಹೋಗಬೇಡ ಅನ್ನೋಣವೆಂದರೆ ಯಾವ ಮುಖವಿಟ್ಟುಕೊಂಡು ಅನ್ನಲಿ? ನನ್ನ ತಪ್ಪಿಗೆ ಅವಳ ಬೆಟ್ಟ ಕಿತ್ತುಕೊಳ್ಳಲೇ? ಐವತ್ತು ತುಂಬಿದ ದಿನ ಅವಳು ತನಗಾಗಿ ಕೇಳಿದ್ದು ಇದೊಂದನ್ನೇ.

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ನಾಳೆ ಕಳೆದುಹೋಗಿರುತ್ತದೆ. ನಿನಗೆ ಗೊತ್ತಿರುವುದು ನನಗೆ ಈಗ ಗೊತ್ತಿಲ್ಲ. ನೀನು ಇದನ್ನು ನಗುತ್ತ ಓದುತ್ತಿರುವೆ ಎಂದುಕೊಂಡು ಮುಗಿಸುತ್ತೇನೆ. ಅವಳು ಏಳುವುದರೊಳಗೆ ಅವಳ ನಿನ್ನೆಯ ಅಂಗಿಯ ರಕ್ತದ ಕಲೆ ತೊಳೆಯಬೇಕು, ಇನ್ನೂ ತಡಮಾಡಿದರೆ ಹೋಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸೈಕಲ್ ಗೀಕಲ್ ಹತ್ತಬೇಡ.

ನಿನ್ನ,
ಹೆದರುಪುಕ್ಕಲ ಅಪ್ಪ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಅಂಗಿ ತೊಳೆಯುವ ಮುಂಚೆ ಅದರ ಬೆನ್ನ ಮೇಲಿನ ಜೇಬುಗಳನ್ನು ತಡವಿದೆ, ಸವಾರರ ಅಂಗಿಗೆ ಜೇಬು ಹಿಂದೆಯೇ. ಬಾಳೆಹಣ್ಣಿನ ಸಿಪ್ಪೆ, ಒದ್ದೆಯಾದ ಕರವಸ್ತ್ರ, ಅದರೊಳಗೆ ಸುತ್ತಿಟ್ಟ ನನ್ನ ಎಣ್ಣೆ ಶೀಶೆ. ಮುಚ್ಚಳದ ಮೇಲೆ, ಸೈಕಲ್ಲಿನ ಹಿಡಿಗೆ ಸುತ್ತುವ ಕರಿ ಟೇಪನ್ನು ಬಿಗಿಯಾಗಿ ಸುತ್ತಿದ್ದಾಳೆ, ಬಿಚ್ಚಬೇಕಾದರೆ ಕತ್ತರಿಯೇ ಬೇಕು. ಬ್ರೇಕು ಕಾದಾಗ ವಾಸನೆ ಬಂದಿರಬೇಕು. ಈ ವಾಸನೆಯ ಜೊತೆಯಲ್ಲೇ ಸಂಸಾರ ಮಾಡಿದವಳಲ್ಲವೇ. ಅಲ್ಲಿ ರಸ್ತೆಯಲ್ಲಿ ಎದೆಗೆ ತಲೆಯಿಟ್ಟಾಗ ನಾನು ಅವಳ ಬೆನ್ನು ಸವರುತ್ತಿದ್ದೆ, ಅವಳು ನನ್ನ ಜೇಬು ಖಾಲಿ ಮಾಡುತ್ತಿದ್ದಳು. ಅದಾದ ಮೇಲೆಯೇ ರಿಪೇರಿಯವನಿಗೆ ಲಾರಿಯ ಕಥೆ ಹೇಳಿದ್ದು. ಅದಾದ ಮೇಲೆಯೇ, ಸೈಕಲ್ಲನ್ನು ನೀವೇ ನೋಡಿ ಅಂದದ್ದು.

ಶೀಶೆಯನ್ನು ಒರೆಸಿ, ನಾಳೆ ಅವಳು ತೊಡುವ ಅಂಗಿಯ ಬೆನ್ನ ಜೇಬಿಗೇ ಹಾಕಿಟ್ಟಿದ್ದೇನೆ. ಬೆಳಿಗ್ಗೆ ಕೈ ಹಾಕಿದಾಗ ಅವಳಿಗೆ ಸಿಗಲಿ, ನನಗೂ ಗೊತ್ತಾಯಿತೆಂದು ತಿಳಿಯಲಿ. ಗೊರಕೆ ನಿಂತಿದೆ, ಎದ್ದಳು. ಕಣ್ಣು ಬಿಡುವ ಮೊದಲೇ ಸೈಕಲ್ ನೋಡಿದಿರಾ ಎಂದು ಕೇಳುತ್ತಿದ್ದಾಳೆ. ಭಯ ಹಾಗೆಯೇ ಇದೆ. ಸೋಪು ಹಾಕಿ ಕೈ ತೊಳೆದುಕೊಂಡು ಬಂದು ನೋಡುತ್ತೇನೆ.